ಕಾನ್ಸೆಪ್ಟಿನಿಂದ ಕಾರ್ಖಾನೆಗೆ: ಹೈಬ್ರಿಡ್ ಸೂಪರ್‌ಕಾರು ಬೆಳೆದ ಬಗೆ

ಎಂಜಿನ್ನನ್ನು ಮುಂದಿನ ಬಾನೆಟ್ಟಿನಡಿ ಇಡದೆ ಚಾಲಕನ ಬೆನ್ನಿಗೂ ಹಿಂದಿನ ಅಚ್ಚಿಗೂ ನಡುವೆ ಕೂರಿಸಿದರೆ ಅದು ಮಧ್ಯ-ಎಂಜಿನ್ ಕಾರು. ಭಾರವೆಲ್ಲ ನಡುವಿಗೆ ಸರಿದಷ್ಟೂ ತಿರುವಿನಲ್ಲಿ ಗಾಡಿ ಚುರುಕಾಗಿ ಹೊರಳುತ್ತದೆಂಬ ಈ ತರ್ಕವನ್ನು ಸೂಪರ್‌ಕಾರಿನ ಲಕ್ಷಣವಾಗಿಸಿದ್ದು 1966ರ ಲ್ಯಾಂಬೋರ್ಗಿನಿ ಮಿಯುರಾ. ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು, ಬ್ಯಾಟರಿಗಳೂ ಸೇರಿದ್ದು ಹೈಬ್ರಿಡ್. ಚನ್ನರಾಯಪಟ್ಟಣ, ಹಾಸನಗಳನ್ನು ಹಾದು ಶಿರಾಡಿ ಘಾಟಿ ಇಳಿಯುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಾಮಾನ್ಯ ಕಾರು ಬ್ರೇಕ್ ಒತ್ತಿದಾಗಲೆಲ್ಲ ತನ್ನ ವೇಗವನ್ನು ಬರಿಯ ಬಿಸಿಯಾಗಿ ಕಳೆದುಕೊಂಡರೆ, ಹೈಬ್ರಿಡ್‌ನಲ್ಲಿ ಮೋಟಾರೇ ಜನರೇಟರಿನಂತೆ ತಿರುಗಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ತುಂಬಿ, ಮುಂದಿನ ಏರಿಗೆ ಉಳಿಸಿಕೊಳ್ಳುತ್ತದೆ.

ಈ ಯುಕ್ತಿ 1997ರ ಟೊಯೋಟಾ ಪ್ರಿಯಸ್‌ನಲ್ಲೇ ನೆಲೆಗೊಂಡಿತ್ತಾದರೂ ಸೂಪರ್‌ಕಾರಿನ ಇಕ್ಕಟ್ಟಿನ ಒಡಲಿಗೆ ಅದನ್ನು ತುರುಕುವುದು ಬೇರೆಯದೇ ಕೆಲಸವಾಗಿತ್ತು. ಕಾನ್ಸೆಪ್ಟ್ ಎಂದರೆ ಪ್ರದರ್ಶನದಲ್ಲಿ ತೋರಲೆಂದು ಮಾಡಿದ ಮಾದರಿ. ಕೊಳ್ಳುವವನ ಕೈಸೇರುವ ಹೊತ್ತಿಗೆ ಅದರ ಒಳಗು ಎಷ್ಟು ಬದಲಾಗುತ್ತದೆಂಬುದಕ್ಕೆ, 2009ರಲ್ಲಿ ಡೀಸೆಲ್ ಎಂಜಿನ್ನಿನೊಡನೆ ಕಾಣಿಸಿಕೊಂಡ ಬಿಎಂಡಬ್ಲ್ಯು ಮಾದರಿ 2014ರಲ್ಲಿ ಪೆಟ್ರೋಲಿನ ಐ8 ಆಗಿ ಮಾರಾಟಕ್ಕೆ ಬಂದದ್ದೊಂದು ಉದಾಹರಣೆ. ಇಕ್ಕಟ್ಟಿನ ಒಡಲಿನಲ್ಲಿ ಬಿಸಿಯೂ ಒಂದು ತೊಡಕು: ಪೋರ್ಷೆಯ ಹೈಬ್ರಿಡ್ ಸೂಪರ್‌ಕಾರು 918ರಲ್ಲಿ ಹೊಗೆಕೊಳವೆಗಳು ಎಂಜಿನ್ನಿನ ನೆತ್ತಿಯ ಮೇಲೆಯೇ ತೆರೆದುಕೊಳ್ಳುವುದು ಬರಿಯ ಬೆಡಗಲ್ಲ, ಬಿಸಿ ಹೊಗೆ ಹತ್ತಿರದ ದಾರಿಯಲ್ಲಿ ಹೊರಬಿದ್ದರೆ ಬ್ಯಾಟರಿ ತಂಪಾಗಿರುತ್ತದೆ.

ಹೋಂಡಾದ ಎನ್‌ಎಸ್‌ಎಕ್ಸ್ ಕಥೆ ಇನ್ನೂ ಬೋಧಪ್ರದ. 2012ರಲ್ಲಿ ಡೆಟ್ರಾಯಿಟ್‌ನಲ್ಲಿ ತೋರಿಸಿದ ಮಾದರಿಯಲ್ಲಿ ಟರ್ಬೊ ಇಲ್ಲದ ವಿ6 ಎಂಜಿನ್ ಅಡ್ಡಲಾಗಿ ಕೂತಿತ್ತು. ಹೆಚ್ಚು ಶಕ್ತಿ ಬೇಕೆಂದು ಎರಡು ಟರ್ಬೊಗಳನ್ನು, ಅಂದರೆ ಹೊರಬೀಳುವ ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನಗಳನ್ನು, ಜೋಡಿಸಹೊರಟಾಗ ಎಂಜಿನ್ನನ್ನೇ ಉದ್ದಕ್ಕೆ ತಿರುಗಿಸಬೇಕಾಯಿತು, ಅದರ ಹಿಂದೆಯೇ ಚೌಕಟ್ಟು, ಮೈಕಟ್ಟುಗಳೂ ಬದಲಾದವು. ಮೂರು ಮೋಟಾರುಗಳ ಆ ಕಾರು ಅಮೆರಿಕದ ಒಹಾಯೊದಲ್ಲಿ ತಯಾರಾಗಿ ಹೊರಬರುವಷ್ಟರಲ್ಲಿ 2016 ಬಂದಿತ್ತು. ಟಾಟಾ ಒಡೆತನದ ಜಾಗ್ವಾರ್ 2010ರಲ್ಲಿ ತೋರಿಸಿದ ಸಿ-ಎಕ್ಸ್75 ಆ ಭಾಗ್ಯವನ್ನೂ ಕಾಣದೆ 2012ರ ಕೊನೆಗೆ ಕೈಬಿಟ್ಟುಹೋಯಿತು.

ಕರ್ನಾಟಕದ ಪಾಲು ಈ ಚರಿತ್ರೆಯ ಇನ್ನೊಂದು ತುದಿಯಲ್ಲಿದೆ, ಅದನ್ನು ಕಿರಿದೆನ್ನಲಾಗದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸೌರಶಕ್ತಿಯ ಪಂದ್ಯಕಾರಿನ ತಂಡದಲ್ಲಿದ್ದ ಚೇತನ್ ಮೈನಿ ಮುಂದೆ ರೂಪಿಸಿದ ರೇವಾ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂತು: ಉಕ್ಕಿನ ಕೊಳವೆಗಳ ಚೌಕಟ್ಟು, ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಲಗೆಗಳು, ಆಸನದಡಿ ಎಂಟು ಸೀಸ-ಆಮ್ಲ ಬ್ಯಾಟರಿಗಳು, ಹಿಂದಿನ ಚಕ್ರಗಳನ್ನು ತಿರುಗಿಸುವ ಮೋಟಾರು. ಬ್ಯಾಟರಿಯ ಭಾರವನ್ನು ಎಲ್ಲಿಡುವುದೆಂಬ ಪ್ರಶ್ನೆ ಪೋರ್ಷೆಗೂ ರೇವಾಕ್ಕೂ ಒಂದೇ ಆಗಿತ್ತು; ರೇವಾ ತಯಾರಿಸಿದ ಬೆಂಗಳೂರಿನ ಬೊಮ್ಮಸಂದ್ರದವರು ಅದನ್ನು ಮೊದಲೇ, ಅದೂ ಅಗ್ಗದಲ್ಲಿ ಎದುರಿಸಿದ್ದರು. 2010ರಲ್ಲಿ ಕಂಪನಿ ಮಹೀಂದ್ರಾದ ಕೈಸೇರಿತು. ಟೊಯೋಟಾ ಕಿರ್ಲೋಸ್ಕರ್ 2013ರಲ್ಲಿ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಿಸತೊಡಗಿತು. ಭಾರತೀಯ ರಸ್ತೆ ಕಾಂಗ್ರೆಸ್ ವಿಧಿಸಿದ ರಸ್ತೆಯುಬ್ಬಿನ ಎತ್ತರವೇ 10 ಸೆಂ.ಮೀ., ಐ8ರ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 12 ಸೆಂ.ಮೀ.ಗೂ ಕಡಿಮೆ; ಹಾಗಾಗಿ ಈ ಎರಡರಲ್ಲಿ ಹೊಳೆನರಸೀಪುರ, ಅರಕಲಗೂಡುಗಳ ಕಡೆಯ ಹಾದಿಗಳಲ್ಲಿ ನೆಲಕ್ಕೆ ತಾಗದೆ ಸಾಗಬಲ್ಲ ಹೈಬ್ರಿಡ್ ಬಿಡದಿಯದೇ.