ಉಡುಪೇ ಸಾಕ್ಷಿಯಾದಾಗ

ಬೀದಿಪುಂಡರ ಗುಂಪುಗಳ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ: ಪುಂಡನು ತನ್ನ ವೇಷವನ್ನು ತಾನೇ ಆರಿಸಿಕೊಳ್ಳುವನೋ, ಇಲ್ಲ ವೇಷವನ್ನು ಕಂಡು ನಾವೇ ಪುಂಡನನ್ನು ಸೃಷ್ಟಿಸುವೆವೋ?

ಅಮೆರಿಕದ ಲಾಸ್ ಏಂಜಲೀಸ್ ನಗರದ ಮಾತನ್ನೇ ನೋಡಿ. 1940ರ ಆಚೀಚೆ ಅಲ್ಲಿನ ಮೆಕ್ಸಿಕನ್ ಮನೆತನಗಳ ತರುಣರು ‘ಝೂಟ್ ಸೂಟ್’ ತೊಡುತ್ತಿದ್ದರು. ಮೊಣಕಾಲು ಮುಟ್ಟುವ ಕೋಟು, ಅಗಲವಾದ ಭುಜ, ದೊಗಲೆಯಾಗಿ ಇಳಿದು ಕಾಲಗಂಟಿನ ಬಳಿ ಬಿಗಿಯಾಗುವ ಷರಾಯಿ, ಜೋಲುವ ಸರಪಳಿ! ನೃತ್ಯಶಾಲೆಗಳಲ್ಲಿ ಮೆರೆದ ಸೊಗಸದು. 1942ರಲ್ಲಿ ಯುದ್ಧದ ನಿಮಿತ್ತ ಬಟ್ಟೆಗೆ ಮಿತಿ ಬಂತು; ಸೊಗಸು ದ್ರೋಹವೆನಿಸಿತು.

ಆ ವರ್ಷದ ಆಗಸ್ಟಿನಲ್ಲಿ ಹೋಸೆ ಡಿಯಾಸ್ ಎಂಬ ಯುವಕ ಸತ್ತನು. ಪುಂಡರ ಗುಂಪಿನವರೆಂದು 22 ಮಂದಿಯ ವಿಚಾರಣೆ ನಡೆಯಿತು. ಕ್ಷೌರಕ್ಕಾಗಲಿ ಬಟ್ಟೆ ಬದಲಿಸಲಾಗಲಿ ಅವರಿಗೆ ಮೊದಲು ಅವಕಾಶವಿರಲಿಲ್ಲ. ಕೆದರಿದ ಕೂದಲೇ ಸಾಕ್ಷಿ ನುಡಿಯಿತು. 1943ರ ಜನವರಿಯಲ್ಲಿ 17 ಮಂದಿ ಅಪರಾಧಿಗಳೆನಿಸಿದರು.

ಆ ಜೂನಿನಲ್ಲಿ ನಾವಿಕರೂ ಸೈನಿಕರೂ ಬೀದಿಗಿಳಿದು, ಚಿತ್ರಮಂದಿರ ಟ್ರಾಮುಗಳಿಂದ ಈ ಹುಡುಗರನ್ನು ಎಳೆದು ಬಡಿದು, ಸೂಟುಗಳನ್ನು ಹರಿದೊಗೆದರು. ಪೋಲೀಸರು ಹಿಡಿದುದು ಬಹುಪಾಲು ಪೆಟ್ಟು ತಿಂದವರನ್ನೇ!

ಸಾಕ್ಷ್ಯ ಸಾಲದೆಂದು 1944ರ ಅಕ್ಟೋಬರಿನಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಹುಡುಗರೇನೋ ಬಿಡುಗಡೆಯಾದರು. ಆದರೆ ಡಿಯಾಸನ ಸಾವಿಗೆ ಹೊಣೆಯಾರೆಂಬುದು ಮತ್ತೆ ಯಾವ ನ್ಯಾಯಾಲಯದಲ್ಲಿಯೂ ತೀರ್ಮಾನವಾಗಲಿಲ್ಲ. ಕೋಟನ್ನು ಹಿಡಿಯುವ ಆತುರದಲ್ಲಿ ಕೊಂದ ಕೈಯನ್ನು ಹುಡುಕುವುದು ಉಳಿದೇಹೋಯಿತು.