ಮಾದಕ ವ್ಯಸನಿ ಆರೋಪಿಗೆ ಚಿಕಿತ್ಸೆ: ಕಾನೂನು ಮತ್ತು ಸಂಶೋಧನೆ ಹೇಳುವುದೇನು?

2024ರ ಡಿಸೆಂಬರ್ ಅಂತ್ಯದಲ್ಲಿ ಮೈಸೂರು ಕೇಂದ್ರ ಕಾರಾಗೃಹದ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಮೂವರು ಕೈದಿಗಳು, ಹೊಸ ವರ್ಷದ ಕೇಕ್ ತಯಾರಿಕೆಗೆ ತರಿಸಿದ್ದ ಎಸೆನ್ಸನ್ನು ನಶೆಗಾಗಿ ಕುಡಿದರೆಂದು ವರದಿಯಾಯಿತು. ಅಸ್ವಸ್ಥರಾಗಿ ಕೆ.ಆರ್. ಆಸ್ಪತ್ರೆಗೆ ದಾಖಲಾದ ಈ ಮೂವರೂ 2025ರ ಜನವರಿಯಲ್ಲಿ ಮೃತಪಟ್ಟರು. ಭದ್ರತಾ ಲೋಪದ ಬಗ್ಗೆ ಆಗ ಸಾಕಷ್ಟು ಚರ್ಚೆ ನಡೆಯಿತು. ಆದರೆ ಸೆರೆಮನೆಯೊಳಗೂ ನಶೆಯ ಹಂಬಲ ಬಿಡದವರಿಗೆ ಚಿಕಿತ್ಸೆ ಯಾವಾಗ, ಎಲ್ಲಿ ಸಿಗಬೇಕು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು.

ಬಂಧನದಿಂದ ಚಟ ತಾನಾಗಿಯೇ ಬಿಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ವೈದ್ಯಕೀಯ ಸಂಶೋಧನೆ ಇದನ್ನು ಒಪ್ಪುವುದಿಲ್ಲ. ಅಚ್ಚರಿಯೆಂದರೆ, ನಮ್ಮ ಕಾನೂನು ಕೂಡ ಇದನ್ನು ಪೂರ್ತಿಯಾಗಿ ಒಪ್ಪಿಲ್ಲ.

ಕಾಯ್ದೆಯಲ್ಲಿಯೇ ಇರುವ ದಾರಿ

ಮಾದಕ ವಸ್ತುಗಳ ನಿಯಂತ್ರಣಕ್ಕಾಗಿ 1985ರಲ್ಲಿ ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆ ಕಠಿಣ ಶಿಕ್ಷೆಗೆ ಹೆಸರಾದದ್ದು. ಆದರೆ ಮಾರುವವನಿಗೂ ಸೇವಿಸುವವನಿಗೂ ಅದು ವ್ಯತ್ಯಾಸ ಮಾಡುತ್ತದೆ. ಸೇವನೆಗೆ 27ನೇ ಕಲಂ ಅನ್ವಯ ವಸ್ತುವಿಗೆ ತಕ್ಕಂತೆ ಗರಿಷ್ಠ 6 ತಿಂಗಳು ಅಥವಾ 1 ವರ್ಷದ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ ಇವೆ. ವಶದಲ್ಲಿಟ್ಟುಕೊಂಡ ಪ್ರಕರಣಗಳಲ್ಲಿ ಪ್ರಮಾಣವೇ ನಿರ್ಣಾಯಕ. 2001ರ ಅಧಿಸೂಚನೆಯಂತೆ ಗಾಂಜಾ 1 ಕಿಲೋ, ಚರಸ್ 100 ಗ್ರಾಂ, ಹೆರಾಯಿನ್ 5 ಗ್ರಾಂವರೆಗೆ 'ಸಣ್ಣ ಪ್ರಮಾಣ'. ಗಾಂಜಾ 20 ಕಿಲೋ ಮೀರಿದರೆ, ಹೆರಾಯಿನ್ 250 ಗ್ರಾಂ ಮೀರಿದರೆ 'ವಾಣಿಜ್ಯ ಪ್ರಮಾಣ'.

ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಗೆ ಕಾಯ್ದೆ ಎರಡು ಅವಕಾಶಗಳನ್ನು ನೀಡಿದೆ.

ಮೊದಲನೆಯದು 64ಎ ಕಲಂ. ಆರೋಪಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಈ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು.

ಎರಡನೆಯದು 39ನೇ ಕಲಂ. ಇದು ಅಪರಾಧ ಸಾಬೀತಾದ ನಂತರದ ಹಂತ. ತಪ್ಪಿತಸ್ಥನ ವಯಸ್ಸು, ನಡತೆ, ಹಿನ್ನೆಲೆ, ದೈಹಿಕ ಮತ್ತು ಮಾನಸಿಕ ಸ್ಥಿತಿ ನೋಡಿ, ಅವನ ಒಪ್ಪಿಗೆ ಪಡೆದು, ಸಜೆ ವಿಧಿಸುವ ಬದಲು ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಚಿಕಿತ್ಸೆಗೆ ಕಳುಹಿಸಬಹುದು. 1 ವರ್ಷದೊಳಗೆ ಚಿಕಿತ್ಸೆಯ ಫಲಿತಾಂಶದ ವರದಿ ಸಲ್ಲಿಸಬೇಕು. ವರದಿ ತೃಪ್ತಿಕರವಾಗಿದ್ದರೆ, 3 ವರ್ಷ ಮೀರದ ಅವಧಿಗೆ ಮತ್ತೊಂದು ಮುಚ್ಚಳಿಕೆ ಪಡೆದು ಎಚ್ಚರಿಕೆ ನೀಡಿ ಬಿಡುಗಡೆ ಮಾಡಬಹುದು.

ಈ ಅವಕಾಶಗಳು ಕಾಗದದಲ್ಲಿಯೇ ಉಳಿಯುತ್ತವೆ ಎಂಬುದಕ್ಕೆ ಪಂಜಾಬ್ ಉದಾಹರಣೆ. ವಿಧಿ ಕಾನೂನು ನೀತಿ ಕೇಂದ್ರವು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಅಲ್ಲಿ 2013ರಿಂದ 2015ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿತು. ನ್ಯಾಯಾಲಯದ ಮೂಲಕ ಚಿಕಿತ್ಸೆಗೆ ಹೋದ ಒಬ್ಬ ವ್ಯಸನಿಯೂ ಅದಕ್ಕೆ ಸಿಗಲಿಲ್ಲ.

ಪರಪ್ಪನ ಅಗ್ರಹಾರದ ಅಧ್ಯಯನ

ಕರ್ನಾಟಕದಲ್ಲಿ ಈ ವಿಷಯದ ಅತಿ ಮುಖ್ಯ ಸಂಶೋಧನೆ ನಡೆದದ್ದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ. ಡಾ. ಸುರೇಶ್ ಬಡಾ ಮಠ, ಡಾ. ಪ್ರತಿಮಾ ಮೂರ್ತಿ ಮತ್ತು ಸಹೋದ್ಯೋಗಿಗಳ ನಿಮ್ಹಾನ್ಸ್ ತಂಡ 5,024 ಕೈದಿಗಳನ್ನು ಸಂದರ್ಶಿಸಿತು. 2011ರಲ್ಲಿ ವರದಿ ಪ್ರಕಟವಾಯಿತು. ಇವರಲ್ಲಿ ಶೇ 79.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತು ಬಳಕೆಯ ಸಮಸ್ಯೆ ಕಂಡುಬಂದಿತು. ವ್ಯಸನವನ್ನು ಬದಿಗಿಟ್ಟು ನೋಡಿದರೆ ಆ ಪ್ರಮಾಣ ಶೇ 27.6ಕ್ಕೆ ಇಳಿಯಿತು. ಅಂದರೆ ಸೆರೆಮನೆಯ ಆರೋಗ್ಯ ಸಮಸ್ಯೆಯಲ್ಲಿ ವ್ಯಸನದ್ದೇ ಸಿಂಹಪಾಲು.

2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಗೆ ಸೇರಿಸಿದೆ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕೆಂದು ಅದರ 103ನೇ ಕಲಂ ವಿಧಿಸುತ್ತದೆ. ಎನ್‌ಡಿಪಿಎಸ್ ಕಾಯ್ದೆ ಮದ್ಯಕ್ಕೆ ಅನ್ವಯಿಸದ ಕಾರಣ, ಕುಡಿತದ ವ್ಯಸನವಿರುವ ಕೈದಿಗೆ ಈ ಕಾಯ್ದೆಯ ಆಧಾರ ವಿಶೇಷವಾಗಿ ಮುಖ್ಯ.

ಮೊದಲ ಮೂರು ದಿನ

ನಿತ್ಯ ವಿಪರೀತ ಕುಡಿಯುವವರಿಗೆ ಬಂಧನದಿಂದ ಕುಡಿತ ಹಠಾತ್ತನೆ ನಿಲ್ಲುತ್ತದೆ. ಆಗ ಕೈ ನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ಗೊಂದಲ, ತೀವ್ರ ಜ್ವರ ಕಾಣಿಸಿಕೊಳ್ಳಬಹುದು. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣಾಂತಿಕ. ಠಾಣೆಯಲ್ಲಿ ಇದನ್ನು ನಾಟಕವೆಂದೋ ಹುಚ್ಚೆಂದೋ ತಪ್ಪಾಗಿ ತಿಳಿಯುವ ಸಂಭವವಿದೆ. ಸರಿಯಾದ ಮಾತ್ರೆ ಮತ್ತು ಥಯಾಮಿನ್ ಎಂಬ ಬಿ1 ಜೀವಸತ್ವ ನೀಡಿದರೆ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆದ್ದರಿಂದ ಬಂಧಿತನ ವೈದ್ಯಕೀಯ ತಪಾಸಣೆಯಲ್ಲಿ ಕೊನೆಯ ಬಾರಿ ಯಾವಾಗ ಕುಡಿದದ್ದು ಎಂಬ ಪ್ರಶ್ನೆ ಕೇಳಲೇಬೇಕು.

ಬಿಡುಗಡೆಯ ಬಳಿಕದ ಅಪಾಯ

ಹೆರಾಯಿನ್‌ನಂತಹ ಅಫೀಮು ಮೂಲದ ವಸ್ತುಗಳ ವಿಷಯದಲ್ಲಿ ಅಪಾಯ ಹೆಚ್ಚಿರುವುದು ಬಿಡುಗಡೆಯ ನಂತರ. ಸೆರೆಯಲ್ಲಿ ಕೆಲಕಾಲ ಸೇವನೆ ನಿಂತಾಗ ದೇಹದ ತಾಳಿಕೆ ಕುಗ್ಗುತ್ತದೆ. ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಲ್ಲಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,237 ಕೈದಿಗಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಸಾಮಾನ್ಯ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು.

ಇದಕ್ಕೆ ಪರಿಹಾರವೂ ಸಂಶೋಧನೆಯಲ್ಲಿಯೇ ಇದೆ. ಮೆಥಡೋನ್, ಬ್ಯುಪ್ರಿನಾರ್ಫಿನ್‌ನಂತಹ ಬದಲಿ ಔಷಧಿಯನ್ನು ಸೆರೆಮನೆಯಲ್ಲಿ ನೀಡಿದರೆ ಬಿಡುಗಡೆಯ ನಂತರದ ಮೊದಲ ತಿಂಗಳ ಸಾವಿನ ಅಪಾಯ ಶೇ 75ರಷ್ಟು ಕಡಿಮೆಯಾಗುತ್ತದೆ ಎಂದು 2017ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನ ತೋರಿಸಿತು. ಭಾರತದಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲೇ ಈ ಚಿಕಿತ್ಸೆ ಆರಂಭವಾಯಿತು.

ಗಾಂಜಾ ವ್ಯಸನಕ್ಕೆ ಇಂತಹ ಬದಲಿ ಔಷಧಿ ಇಲ್ಲ. ಅಲ್ಲಿ ಆಪ್ತಸಮಾಲೋಚನೆ, ನಡವಳಿಕೆ ತಿದ್ದುವ ಚಿಕಿತ್ಸೆ, ಕುಟುಂಬದ ಸಹಕಾರವೇ ಮುಖ್ಯ. ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ 2006ರಲ್ಲಿ ಅಪರಾಧ ನ್ಯಾಯ ವ್ಯವಸ್ಥೆಗೆಂದೇ 13 ಸೂತ್ರಗಳನ್ನು ಪ್ರಕಟಿಸಿತು. ಚಿಕಿತ್ಸೆ ಸಾಕಷ್ಟು ದೀರ್ಘವಾಗಿರಬೇಕು, ಸೆರೆಮನೆಯಿಂದ ಊರಿಗೆ ಮರಳಿದ ಮೇಲೂ ಅದು ಮುಂದುವರಿಯಬೇಕು ಎಂಬುದು ಅದರ ತಿರುಳು.

ಸಂಶೋಧನೆಯ ನೈತಿಕ ಕಷ್ಟ

ಕೈದಿಗಳ ಮೇಲೆ ಸಂಶೋಧನೆ ಮಾಡುವುದು ಸುಲಭವಲ್ಲ. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ 1935ರಲ್ಲಿ ಆರಂಭವಾದ ಸೆರೆಮನೆ-ಆಸ್ಪತ್ರೆ ಇದಕ್ಕೆ ಪಾಠ. ಅಲ್ಲಿಂದ ಹೊರಬಂದವರಲ್ಲಿ ಬಹುಪಾಲು ಮಂದಿ ಮತ್ತೆ ವ್ಯಸನಕ್ಕೆ ಮರಳಿದರು. ಪ್ರಯೋಗಕ್ಕೆ ಒಪ್ಪಿದ ಕೈದಿಗಳಿಗೆ ಪ್ರತಿಫಲವಾಗಿ ಮಾದಕ ವಸ್ತುವನ್ನೇ ನೀಡಿದ ಸಂಗತಿಯೂ ನಂತರ ಬಯಲಾಯಿತು. ಬಂಧನದಲ್ಲಿರುವವನ ಒಪ್ಪಿಗೆ ನಿಜಕ್ಕೂ ಸ್ವತಂತ್ರವೇ ಎಂಬ ಪ್ರಶ್ನೆ ಇಂದಿಗೂ ಪ್ರಸ್ತುತ. ಹೀಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಕೈದಿಗಳನ್ನು ವಿಶೇಷ ರಕ್ಷಣೆ ಬೇಕಾದವರ ಪಟ್ಟಿಯಲ್ಲಿ ಇರಿಸಿದೆ.

ಹನಗೋಡಿನಿಂದ ನೋಡಿದರೆ

ನಗರವಾಸಿಗಳಿಗೆ ಈ ವ್ಯವಸ್ಥೆ ಸಮೀಪವೆನಿಸಬಹುದು. ಹುಣಸೂರು ತಾಲ್ಲೂಕಿನ ಹನಗೋಡು ಹೋಬಳಿಯಿಂದ ನೋಡಿದಾಗ ಚಿತ್ರ ಬೇರೆ. ಲಕ್ಷ್ಮಣತೀರ್ಥ ನದಿಯ ದಂಡೆಯ, ನಾಗರಹೊಳೆ ಕಾಡಂಚಿನ ಈ ಪ್ರದೇಶ ತಂಬಾಕು ಬೆಳೆಗಾರರ ಮತ್ತು ಗಿರಿಜನ ಹಾಡಿಗಳ ನಾಡು. ಇಲ್ಲಿನ ಕೂಲಿಕಾರನೊಬ್ಬ ಗಾಂಜಾ ಸೇವನೆಗಾಗಿ ಸಿಕ್ಕಿಬಿದ್ದನೆನ್ನಿ. ನ್ಯಾಯಾಲಯಕ್ಕೆ ಹುಣಸೂರಿಗೆ ಹೋಗಬೇಕು. ಜಿಲ್ಲೆಯ ಕೇಂದ್ರ ಕಾರಾಗೃಹವೂ ದೊಡ್ಡಾಸ್ಪತ್ರೆಯೂ ಅಲ್ಲಿಂದ ಸುಮಾರು 45 ಕಿ.ಮೀ. ದೂರದ ಮೈಸೂರಿನಲ್ಲಿವೆ. ಪ್ರತಿ ಭೇಟಿಗೂ ಒಂದು ದಿನದ ಕೂಲಿ ಮತ್ತು ಬಸ್ ಖರ್ಚು. ಹೀಗಿರುವಾಗ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸುವುದೇ ಸುಲಭವೆನಿಸುವುದು ಸಹಜ. ಆದರೆ ದಂಡ ಕಟ್ಟಿದರೆ ಪ್ರಕರಣ ಮುಗಿಯುತ್ತದೆಯೇ ಹೊರತು ವ್ಯಸನ ಮುಗಿಯುವುದಿಲ್ಲ. ಮುಂದಿನ ಬಾರಿ ಸಿಕ್ಕಿದಾಗ ಹಳೆಯ ಶಿಕ್ಷೆಯ ದಾಖಲೆಯೂ ಎದುರಾಗುತ್ತದೆ.

ಈ ಕೊರತೆ ಬರೀ ಹಳ್ಳಿಯದಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದೋ ಒಂದು ಬಗೆಯ ಚಿಕಿತ್ಸೆ ದೊರೆತಿತ್ತು.

ಕುಟುಂಬದವರು ಏನು ಮಾಡಬಹುದು?

* ಬಂಧನದ ಕೂಡಲೇ ಆರೋಪಿಯ ವ್ಯಸನ, ಸೇವಿಸುತ್ತಿದ್ದ ಪ್ರಮಾಣ, ನಡೆಯುತ್ತಿರುವ ಔಷಧಿಗಳ ವಿವರವನ್ನು ಪೊಲೀಸರಿಗೂ ವೈದ್ಯರಿಗೂ ತಿಳಿಸಬೇಕು.
* ಬಂಧನದಲ್ಲಿರುವ ಪ್ರತಿಯೊಬ್ಬರಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಬಹುದು.
* ಪ್ರಕರಣ ಸೇವನೆ ಅಥವಾ ಸಣ್ಣ ಪ್ರಮಾಣದ್ದಾಗಿದ್ದರೆ 64ಎ ಮತ್ತು 39ನೇ ಕಲಂಗಳ ಬಗ್ಗೆ ವಕೀಲರನ್ನು ಸ್ಪಷ್ಟವಾಗಿ ಕೇಳಬೇಕು.
* ಚಿಕಿತ್ಸಾ ಸಂಸ್ಥೆ ಸರ್ಕಾರಿ ಅಥವಾ ಮಾನ್ಯತೆ ಪಡೆದದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಕಾನೂನಿನ ಪ್ರಯೋಜನ ದೊರೆಯುವುದಿಲ್ಲ.
* ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ 'ಟೆಲಿ ಮಾನಸ್' ಸಹಾಯವಾಣಿ 14416.
* ಬಿಡುಗಡೆಯ ದಿನಕ್ಕೆ ಮುಂಚೆಯೇ ಮುಂದಿನ ವೈದ್ಯರ ಭೇಟಿಯನ್ನು ಗೊತ್ತುಪಡಿಸಿ, ಮೊದಲ ಎರಡು ವಾರ ವ್ಯಕ್ತಿಯನ್ನು ಒಂಟಿಯಾಗಿ ಬಿಡದಿರುವುದು ಒಳಿತು.

ಮಾರಾಟ ಜಾಲಕ್ಕೆ ಕಠಿಣ ಶಿಕ್ಷೆ ಆಗಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸೇವಿಸುವವನಿಗೆ ಚಿಕಿತ್ಸೆಯ ಬಾಗಿಲನ್ನು ಸಂಸತ್ತೇ ತೆರೆದಿಟ್ಟಿದೆ. ಪೊಲೀಸರು, ವಕೀಲರು, ನ್ಯಾಯಾಧೀಶರು, ಕಾರಾಗೃಹದ ವೈದ್ಯರು ತಮ್ಮ ತಮ್ಮ ಹಂತದಲ್ಲಿ ಅದನ್ನು ನೆನಪಿಸಿದರೆ ಹೊಸ ಕಾಯ್ದೆಗೆ ಕಾಯದೆಯೇ ಹಲವು ಜೀವಗಳನ್ನು ಉಳಿಸಬಹುದು.