ಘಟ್ಟದ ಮೇಲಿನ ಆಟಗಾರರು ಯಾವ ಮಂಡಲದವರು?

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರದಿಂದ ಶಿರಸಿಗೆ ಹೋಗುವ ಹಾದಿಯಲ್ಲಿ, ಅಡಿಕೆಯ ತೋಟಗಳೂ ಸೊಪ್ಪಿನ ಬೆಟ್ಟಗಳೂ ಒಂದನ್ನೊಂದು ಒತ್ತಿಕೊಂಡಿರುವ ಎಡೆಯಲ್ಲಿ, ಮಂಚಿಕೇರಿಯೆಂಬ ಊರಿರುವುದು. ಈ ಊರಿನ ಹುಡುಗನೊಬ್ಬನು ಓಟದಲ್ಲಿಯೋ ಕಬಡ್ಡಿಯಲ್ಲಿಯೋ ತನ್ನ ಶಾಲೆಗೆ ಮೊದಲಿಗನಾಗಿ, ಮುಂದೆ ಪದವಿಯ ವ್ಯಾಸಂಗಕ್ಕೆಂದು ಯಲ್ಲಾಪುರದ ಅಥವಾ ಶಿರಸಿಯ ಬಸ್ಸನ್ನು ಹಿಡಿದನೆನ್ನೋಣ. ಅಲ್ಲಿ ಅವನು ಯಾರೊಡನೆ ಸೆಣಸತಕ್ಕದ್ದು, ಯಾವ ಊರಿನ ಮೈದಾನಕ್ಕೆ ಹೋಗತಕ್ಕದ್ದು, ಗೆದ್ದರೆ ಯಾರ ಹೆಸರಿನ ಅಂಗಿಯನ್ನು ತೊಡತಕ್ಕದ್ದು ಎಂಬ ಪ್ರಶ್ನೆಗಳಿಗೆಲ್ಲ ಅವನು ಹುಟ್ಟುವುದಕ್ಕೆ ಬಹುಕಾಲ ಮುಂಚೆಯೇ, ಆಟದ ಗಂಧವನ್ನೂ ಅರಿಯದ ಅಧಿಕಾರಿಗಳು ನಕಾಶೆಯ ಮೇಲೆ ಉತ್ತರ ಬರೆದಿಟ್ಟಿದ್ದಾರೆ. ಆ ಉತ್ತರ ಇಂದು ಧಾರವಾಡ. ಒಮ್ಮೆ ಅದು ಮುಂಬಯಿಯಾಗಿದ್ದಿತು, ಅದಕ್ಕೂ ಹಿಂದೆ ಮದರಾಸು. ಉತ್ತರ ಕನ್ನಡದ ಕಾಲೇಜುಗಳು ಧಾರವಾಡದ ಮಂಡಲದಲ್ಲಿಯೇ, ಎಂದರೆ ಅಲ್ಲಿಯ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿಯೇ, ಉಳಿಯಬೇಕೆ, ಬೇರೊಂದಕ್ಕೆ ಹೋಗಬೇಕೆ, ತಮ್ಮದೇ ಒಂದನ್ನು ಕಟ್ಟಿಕೊಳ್ಳಬೇಕೆ ಎಂಬ ಮಾತು ಆಗಾಗ ಏಳುತ್ತಿರುವುದರಿಂದ, ಈ ಮಂಡಲಗಳು ಬದಲಾಗುತ್ತ ಬಂದ ಬಗೆಯನ್ನು ಒಮ್ಮೆ ಹಿಂದಿರುಗಿ ನೋಡುವುದು ಲೇಸು.

ಮೊದಲನೆಯ ಪಲ್ಲಟವು ನಡೆದದ್ದು 1862ರಲ್ಲಿ. ಅದುವರೆಗೆ ಮದರಾಸಿನ ಆಡಳಿತದಲ್ಲಿದ್ದ ಕೆನರಾ ನಾಡನ್ನು ಎರಡಾಗಿ ಸೀಳಿ, ಕುಂದಾಪುರವನ್ನೂ ಅದರ ತೆಂಕಣ ಭಾಗವನ್ನೂ ಮದರಾಸಿಗೇ ಬಿಟ್ಟು, ಇಂದಿನ ಉತ್ತರ ಕನ್ನಡವಾದ ಬಡಗಣ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಇದರ ಹಿಂದಿದ್ದುದು ಹತ್ತಿಯ ವ್ಯವಹಾರ. ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಬಾರದೆ ಇಂಗ್ಲೆಂಡಿನ ಗಿರಣಿಗಳು ಹಸಿದಿದ್ದ ಆ ದಿನಗಳಲ್ಲಿ, ಧಾರವಾಡದ ಬಯಲಿನ ಅರಳೆಯನ್ನು ಘಟ್ಟವಿಳಿಸಿ ಕಾರವಾರದ ಬಂದರಿನಿಂದ ಸಾಗಿಸಬೇಕಾದರೆ, ಹೊಲವೂ ಹಾದಿಯೂ ಬಂದರೂ ಒಂದೇ ಸರಕಾರದ ಕೈಯಲ್ಲಿರುವುದು ಅನುಕೂಲವೆಂದು ವ್ಯಾಪಾರಿಗಳು ಹಟ ಹಿಡಿದರು. ಅರಳೆಯ ಗಾಡಿಗಳು ಇಳಿಯಲೆಂದು ಎಳೆದ ಆ ಗೆರೆಯು ಮುಂದಿನ ನೂರು ವರುಷಗಳ ಕಾಲ ನಮ್ಮ ಮಕ್ಕಳ ಪಾಠ, ಪರೀಕ್ಷೆ, ಆಟಗಳನ್ನೆಲ್ಲ ಎರಡು ಕವಲಾಗಿ ಹರಿಯಿಸಿತು.

ಆಟದ ಮಟ್ಟಿಗೆ ಈ ಕವಲನ್ನು ಕೊಂಚ ವಿಸ್ತಾರವಾಗಿಯೇ ನೋಡಬೇಕು, ಏಕೆಂದರೆ ಚರಿತ್ರೆಯನ್ನು ಬರೆಯುವವರು ಅರಸರ ಗಡಿಗಳನ್ನು ಗುರುತಿಸುವಷ್ಟು ಶ್ರದ್ಧೆಯಿಂದ ದೈಹಿಕ ಶಿಕ್ಷಕರ ಗಡಿಗಳನ್ನು ಗುರುತಿಸುವುದಿಲ್ಲ. ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಗೃಹಸ್ಥನು ವೈ.ಎಂ.ಸಿ.ಎ.ಯ ಆಶ್ರಯದಲ್ಲಿ ದೈಹಿಕ ಶಿಕ್ಷಣದ ಶಾಲೆಯೊಂದನ್ನು ತೆರೆದನು. ವಾಲಿಬಾಲು, ಬಾಸ್ಕೆಟ್‌ಬಾಲು ಮೊದಲಾದ ವೈ.ಎಂ.ಸಿ.ಎ. ಸಂತತಿಯ ಆಟಗಳಿಗೆ ತೆಂಕಣ ಸೀಮೆಯಲ್ಲಿ ಬಲ ಬಂದುದಕ್ಕೆ ಅಲ್ಲಿ ತರಬೇತಾದ ಶಿಕ್ಷಕರೂ ಒಂದು ಕಾರಣ. ಮುಂಬಯಿ ಪ್ರಾಂತದ ಪರಂಪರೆ ಬೇರೆ. ಖೋ ಖೋ ಆಟಕ್ಕೆ 1914ರಲ್ಲಿ ನಿಯಮಗಳನ್ನು ರಚಿಸಿದ್ದು ಪುಣೆಯ ಡೆಕ್ಕನ್ ಜಿಮಖಾನೆ. ಹುತುತುವಿಗೆ, ಎಂದರೆ ಅಲ್ಲಿಯ ಕಬಡ್ಡಿಗೆ, ಕಟ್ಟಳೆ ಒದಗಿದ್ದೂ ಆ ಕಡೆಯ ಜಿಮಖಾನೆಗಳಿಂದಲೇ. ಶಿಕ್ಷಕರ ತರಬೇತಿಗೆಂದು ಸರಕಾರವು 1938ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದ್ದು ಮುಂಬಯಿಯ ಕಾಂದಿವಲಿಯಲ್ಲಿ. ಹೀಗೆ ಒಂದೇ ಮಳೆಯಲ್ಲಿ ತೊಯ್ಯುವ ಎರಡು ಕೆನರಾಗಳ ಮಕ್ಕಳು ಎರಡು ಗುರುಪರಂಪರೆಗಳ ಶಿಷ್ಯರಾದರು. ತೆಂಕಣವನು ಮದರಾಸಿನ ಸೀಟಿಗೆ ಓಡಿದನು, ಬಡಗಣವನು ಪುಣೆಯ ಕಂಬವನ್ನು ಸುತ್ತಿದನು.

ಕಾಲೇಜಿನ ಆಟಗಾರನ ಪಾಡು ಇನ್ನೂ ಕಠಿನವಾಗಿದ್ದಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿಯೇ ಆರಂಭವಾಗಿದ್ದರೂ ಅದು ಅಧೀನವಾಗಿದ್ದುದು ಮುಂಬಯಿ ವಿಶ್ವವಿದ್ಯಾಲಯಕ್ಕೆ. ಅಂತರ ವಿಶ್ವವಿದ್ಯಾಲಯ ಕ್ರಿಕೆಟ್ಟಿಗೆ ರೋಹಿಂಟನ್ ಬಾರಿಯಾ ಪಾರಿತೋಷಕವು 1935ರಲ್ಲಿ ಪ್ರಾರಂಭವಾದಾಗ, ಇತ್ತಣ ಹುಡುಗನೊಬ್ಬನು ಅದರಲ್ಲಿ ಆಡಬೇಕೆಂದರೆ ಎಲ್ಫಿನ್‌ಸ್ಟನ್, ಸೇಂಟ್ ಝೇವಿಯರ್ ಮುಂತಾದ ಕಾಲೇಜುಗಳ ನುರಿತ ಆಟಗಾರರನ್ನು ಹಿಂದಿಕ್ಕಿ ಮುಂಬಯಿಯ ಹನ್ನೊಂದರಲ್ಲಿ ಒಬ್ಬನಾಗಬೇಕಿದ್ದಿತು. ಮಂಡಲವು ದೊಡ್ಡದಾಗಿದ್ದಷ್ಟು ಅದರ ಕೀರ್ತಿ ಹೆಚ್ಚು, ಅಂಚಿನವನಿಗೆ ಅದರ ಬಾಗಿಲು ಅಷ್ಟೇ ಕಿರಿದು. ಆದುದರಿಂದ 1949ರ ಅಧಿನಿಯಮದಿಂದ ಕರ್ನಾಟಕ ವಿಶ್ವವಿದ್ಯಾಲಯವು ಉದಿಸಿ ಧಾರವಾಡದಲ್ಲಿ ನೆಲೆಗೊಂಡುದು ನಮ್ಮ ಜಿಲ್ಲೆಯ ಪಾಲಿಗೆ ವಿದ್ಯೆಯ ಲಾಭವಷ್ಟೇ ಆಗಲಿಲ್ಲ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವನಿಗೆ ಸಲ್ಲುವ ಯೂನಿವರ್ಸಿಟಿ ಬ್ಲೂ ಎಂಬ ಗೌರವವು ಅಂದಿನಿಂದ ಘಟ್ಟದ ಹುಡುಗನ ಕೈಗೆಟುಕುವ ಎತ್ತರಕ್ಕೆ ಇಳಿಯಿತು. ಪಠ್ಯಕ್ರಮದ ಹಿತಾಹಿತಗಳನ್ನು ಕುರಿತು ಎಷ್ಟಾದರೂ ವಾದಿಸಬಹುದು. ಆಟಗಾರನ ಮಟ್ಟಿಗೆ ಆ ಸ್ಥಾನಾಂತರವು ನಿಸ್ಸಂದೇಹವಾಗಿ ಶ್ರೇಯಸ್ಕರವಾಯಿತು.

1956ರ ರಾಜ್ಯ ಪುನರ್ವಿಂಗಡಣೆಯು ಮುಂಬಯಿಯ ನಂಟನ್ನು ಪೂರ್ತಿಯಾಗಿ ಕಡಿದು ನಮ್ಮನ್ನು ಮೈಸೂರಿಗೆ ಸೇರಿಸಿತು. ಅದಾದ ಮೇಲಿನ ಬದಲಾವಣೆಗಳೆಲ್ಲ ಮಂಡಲವು ಸಣ್ಣದಾಗುತ್ತ ಹೋದ ಕಥೆ. 1980ರಲ್ಲಿ ಗುಲ್ಬರ್ಗದ ಸೀಮೆಯು ತನ್ನದೇ ವಿಶ್ವವಿದ್ಯಾಲಯವನ್ನು ಪಡೆದು ಬೇರೆಯಾಯಿತು. 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವಾದಾಗ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳು ಹೊರಟುಹೋದುವು. ಬೆಳಗಾವಿಯ ಕುಸ್ತಿಯ ಗರಡಿಗಳೂ ವಿಜಯಪುರ ಬಾಗಲಕೋಟೆಗಳ ಸೈಕಲ್ ಸವಾರರೂ ಅದರೊಡನೆ ಹೊರಟರೆಂಬುದನ್ನು ಮರೆಯಬಾರದು. ಆಯ್ಕೆಯು ಸುಲಭವಾದುದು ನಿಜವೆ. ಆದರೆ ಬಲಿಷ್ಠನಾದ ಎದುರಾಳಿಯು ಮನೆಯೊಳಗಿದ್ದಾಗ ದೊರೆಯುವ ಶಿಕ್ಷಣವು ಅವನು ಆಚೆಗೆ ಹೋದ ಮೇಲೆ ಹಣ ಕೊಟ್ಟರೂ ದೊರೆಯುವುದಿಲ್ಲ.

ಇಲ್ಲಿ ಸಿದ್ದಿಗಳ ಪ್ರಸಂಗವನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯವಾದೀತು. ಆಫ್ರಿಕದ ಮೂಲದ ಈ ಜನರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಿನ ಊರುಗಳಲ್ಲಿ ಶತಮಾನಗಳಿಂದ ಬಾಳುತ್ತಿದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿಯಲ್ಲಿ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ದೂರದ ತರಬೇತಿ ಕೇಂದ್ರಗಳಿಗೆ ಕೊಂಡೊಯ್ಯಿತು. ಅವರ ಪೂರ್ವಜರು ಆಫ್ರಿಕದವರಾದ ಕಾರಣ ಇವರು ಒಲಿಂಪಿಕ್ ಪದಕಗಳನ್ನು ತಂದೇ ತರುವರೆಂಬ ನಂಬಿಕೆ ಆ ಯೋಜನೆಯ ಬುಡದಲ್ಲಿದ್ದಿತು. ರಕ್ತವನ್ನು ನೋಡಿ ಓಟಗಾರನನ್ನು ಗುರುತಿಸಹೊರಟ ಈ ವಿಚಾರಸರಣಿಯನ್ನು ನಾನು ಎಂದಿಗೂ ಮೆಚ್ಚಲಾರೆ. ಆದರೂ ಜೂಜೆ ಜಾಕಿ ಹರ್ನೋಡ್ಕರ್, ಕಮಲಾ ಸಿದ್ದಿ ಮೊದಲಾದವರು ತಮ್ಮ ಶ್ರಮದಿಂದ ಹೆಸರು ಗಳಿಸಿದರು. 1993ರ ಹೊತ್ತಿಗೆ ಸಿದ್ದಿಗಳ ಪಾಲಿಗೆ ಯೋಜನೆಯು ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ದೊರಕಿತು. ಉಳಿದವರು ಓದನ್ನೂ ಓಟವನ್ನೂ ನಡುವೆ ಬಿಟ್ಟು ತಂತಮ್ಮ ಊರಿನ ಕೂಲಿಗೆ ಮರಳಿದರು. ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು ಅದಾಗಿ ಹತ್ತು ವರುಷಗಳ ಮೇಲೆ, 2003ರಲ್ಲಿ.

ಈ ಪ್ರಸಂಗವು ನಮ್ಮ ಪ್ರಶ್ನೆಗೆ ಹೊರಗಿನದೆಂದು ಯಾರೂ ಭಾವಿಸಬಾರದು. ಆ ಮಕ್ಕಳನ್ನು ಜಿಲ್ಲೆಯ ಶಾಲೆ, ಕಾಲೇಜು, ವಲಯಗಳ ಮೆಟ್ಟಿಲುಗಳ ಮೇಲೆ ಹತ್ತಿಸದೆ ನೇರವಾಗಿ ದೆಹಲಿಯ ಹಗ್ಗಕ್ಕೆ ಕಟ್ಟಿದ್ದರಿಂದ, ಹಗ್ಗವನ್ನು ಕೈಬಿಟ್ಟಾಗ ಹಿಡಿದುಕೊಳ್ಳಲು ನಡುವೆ ಯಾವ ಆಸರೆಯೂ ಇರಲಿಲ್ಲ. ಹತ್ತಿರದ ಮಂಡಲವು ಎಷ್ಟೇ ಬಡವಾಗಿದ್ದರೂ ಅದು ಬಿದ್ದವನಿಗೆ ಮರುವರುಷ ಮತ್ತೊಮ್ಮೆ ಏಳುವ ಅವಕಾಶವನ್ನು ಕೊಡುತ್ತದೆ.

ಶಾಲೆಯ ಮಟ್ಟದಲ್ಲಿ ಇನ್ನೊಂದು ಗೆರೆ ಸದ್ದಿಲ್ಲದೆ ಬಿದ್ದಿದೆ. ಕಂದಾಯದ ಲೆಕ್ಕಕ್ಕೆ ಒಂದೇ ಆದ ಉತ್ತರ ಕನ್ನಡವು ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಎರಡು ಜಿಲ್ಲೆಗಳಾಗಿದ್ದು, ಶಿರಸಿ, ಸಿದ್ದಾಪುರ, ಯಲ್ಲಾಪುರಾದಿ ಘಟ್ಟದ ಮೇಲಿನ ತಾಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲಿ, ಕರಾವಳಿಯವು ಕಾರವಾರದಲ್ಲಿ ಇವೆ. ಇದರಿಂದ ಮಂಚಿಕೇರಿಯ ಹುಡುಗನು ಅಂಕೋಲೆ, ಕುಮಟೆಗಳ ಕಡಲ ಮಕ್ಕಳನ್ನು ಎದುರಿಸದೆಯೇ ಜಿಲ್ಲೆಯ ಪಂದ್ಯವನ್ನು ಗೆದ್ದು, ಬೆಳಗಾವಿ ವಿಭಾಗದ ಕೂಟಕ್ಕೆ ಹೋಗುತ್ತಾನೆ. ಮಳೆಗಾಲವೊಂದನ್ನು ಕಂಡವರು ಈ ವಿಂಗಡಣೆಯನ್ನು ಆಕ್ಷೇಪಿಸಲಾರರು. 2021ರ ಜುಲೈಯಲ್ಲಿ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿ ಅಂಕೋಲೆಗಳ ಹೆದ್ದಾರಿಯೇ ಕಡಿದುಹೋಗಿದ್ದಿತು. ಶಾಲೆಯ ಕ್ರೀಡಾಕೂಟಗಳು ಆರಂಭವಾಗುವುದೂ ಸರಿಸುಮಾರು ಆ ಕಾಲದಲ್ಲಿಯೇ.

ಇನ್ನು ಇಂದಿನ ವಾದಕ್ಕೆ ಬರೋಣ. ಒಂದು ಪಕ್ಷದವರು ದಕ್ಷಿಣದತ್ತ ಬೆರಳು ತೋರುತ್ತಾರೆ. 1980ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಮಂಗಳೂರು ವಿಶ್ವವಿದ್ಯಾಲಯವು ಓಟದಂಕಣದಲ್ಲಿ ಗಳಿಸಿದ ಸ್ಥಾನವು ಅಸೂಯೆಗೆ ತಕ್ಕದ್ದೆ. 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಸಮಗ್ರ ಪ್ರಶಸ್ತಿಯು ಅದರದೇ ಆಯಿತು. ಆದರೆ ಆ ಬಲದ ಬಹುಪಾಲು ಇರುವುದು ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳಲ್ಲಿ; ಅಲ್ಲಿ ಪ್ರತಿಭಾವಂತರಿಗೆ ಊಟ, ವಸತಿ, ವ್ಯಾಸಂಗಗಳನ್ನು ಉಚಿತವಾಗಿ ಒದಗಿಸಿ ದೂರದೂರದಿಂದ ಬರಮಾಡಿಕೊಳ್ಳುತ್ತಾರೆ. ಕಾಲೇಜು ತಾನು ಕುಳಿತಲ್ಲಿಯೇ ಕುಳಿತಿರುತ್ತದೆ, ಆಟಗಾರನು ತಾನೊಬ್ಬನೇ ಮಂಡಲವನ್ನು ಬದಲಿಸಿಬಿಡುತ್ತಾನೆ. ಶಿರಸಿಯ ಕಾಲೇಜು ಇಡಿಯಾಗಿ ಮಂಗಳೂರಿನ ಮಡಿಲಿಗೆ ಹೋದರೂ ಅದಕ್ಕೆ ದಕ್ಕುವುದು ಮೊದಲ ಸುತ್ತಿನ ಸೋಲು, ಜೊತೆಗೆ ಇನ್ನೂರೈವತ್ತು ಕಿಲೋಮೀಟರಿನ ಪ್ರಯಾಣ.

ಸ್ವತಂತ್ರವಾದ ಉತ್ತರ ಕನ್ನಡದ ವಿಶ್ವವಿದ್ಯಾಲಯ ಬೇಕೆನ್ನುವವರ ವಾದಕ್ಕೆ ಅಭಿಮಾನದ ಬಲವುಂಟು. ಆಟದ ದೃಷ್ಟಿಯಿಂದ ನೋಡಿದರೆ, ಒಂದೇ ಜಿಲ್ಲೆಯ ಬೆರಳೆಣಿಕೆಯ ಕಾಲೇಜುಗಳಿಂದ ಆರಿಸಿದ ತಂಡದಲ್ಲಿ ಬ್ಲೂ ಆಗದವನೇ ವಿರಳನಾಗುವನು. ಆಗ ಆ ಗೌರವಕ್ಕೆ ಉಳಿಯುವ ಬೆಲೆಯೇನು?

ಮಂಡಲವನ್ನು ಬದಲಿಸುವ ಈ ಚಪಲವು ಅತಿರೇಕಕ್ಕೆ ಹೋದರೆ ಏನಾದೀತೆಂಬುದಕ್ಕೆ ಅಮೆರಿಕವೇ ಸಾಕ್ಷಿ. ಅಲ್ಲಿಯ ವಿಶ್ವವಿದ್ಯಾಲಯಗಳು ನೆರೆಹೊರೆಯವರೊಡನೆ ಆಡಲೆಂದು ಕೂಡಿ ಕಟ್ಟಿಕೊಂಡ ಒಕ್ಕೂಟಗಳಿಗೆ ಕಾನ್ಫರೆನ್ಸ್ ಎಂದು ಹೆಸರು. ಅವುಗಳಲ್ಲಿ ಹಿರಿಯವುಗಳಲ್ಲೊಂದಾದ ಬಿಗ್ ಟೆನ್ ಎಂಬುದು 1896ರಲ್ಲಿ ಏಳು ಸಂಸ್ಥೆಗಳಿಂದ ಆರಂಭವಾಯಿತು. ಅದರ ಸ್ಥಾಪಕರಲ್ಲೊಂದಾದ ಶಿಕಾಗೋ ವಿಶ್ವವಿದ್ಯಾಲಯವು ಫುಟ್‌ಬಾಲಿನ ಹುಚ್ಚು ವಿದ್ಯೆಗೆ ಭಂಗ ತರುವುದೆಂದು ಆ ಆಟವನ್ನು ಕೈಬಿಟ್ಟು, 1946ರಲ್ಲಿ ಒಕ್ಕೂಟದಿಂದಲೇ ನಿರ್ಗಮಿಸಿತು. ಅದರ ವಿದ್ಯಾಕೀರ್ತಿಗೆ ಇದರಿಂದ ಕುಂದೇನೂ ಬರಲಿಲ್ಲ. ಈಗಿನವರ ನಡೆಯೇ ಬೇರೆ. ದೂರದರ್ಶನದ ಹಣಕ್ಕಾಗಿ 2024ರಲ್ಲಿ ಶಾಂತ ಸಾಗರದ ತೀರದ ಒಕ್ಕೂಟವು ಒಡೆದು ಹನ್ನೆರಡರಲ್ಲಿ ಹತ್ತು ಸಂಸ್ಥೆಗಳು ಹೊರನಡೆದುವು. ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು ಸದಸ್ಯರಿದ್ದಾರೆ; ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡು ಖಂಡದ ಆಚೆಯಂಚಿನ ಅಟ್ಲಾಂಟಿಕ್ ತೀರದ ಒಕ್ಕೂಟದಲ್ಲಿ ಆಡುತ್ತಿದೆ. ಫುಟ್‌ಬಾಲು ಗಳಿಸುವ ಹಣಕ್ಕಾಗಿ ವಾಲಿಬಾಲು ಆಡುವ ಹೆಣ್ಣುಮಕ್ಕಳು ವಿಮಾನದಲ್ಲಿ ಕುಳಿತು ಪಾಠ ಓದಬೇಕಾಗಿದೆ.

ನಮ್ಮ ರಣಜಿ ಪಾರಿತೋಷಕವೂ ಇದೇ ತೊಡಕನ್ನು ಬಲ್ಲುದು. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕಿನಲ್ಲಿ ಮದರಾಸು ಮೈಸೂರುಗಳ ನಡುವೆ ನಡೆದ ಅದರ ಮೊದಲ ಪಂದ್ಯವು ನೆರೆಯವರ ಪಂದ್ಯವೇ. ವಲಯಪದ್ಧತಿಯು ಬಹುಕಾಲ ನಡೆದು, 2002-03ರಲ್ಲಿ ಎಲೀಟ್ ಮತ್ತು ಪ್ಲೇಟ್ ಎಂಬ ಬಲಾನುಸಾರಿ ಗುಂಪುಗಳಿಗೆ ಎಡೆಗೊಟ್ಟಿತು. ಸಂಬಳ ಪಡೆಯುವ ಆಟಗಾರನಿಗೆ ಅದು ಸರಿಹೋದೀತು. ಪರೀಕ್ಷೆಯ ಶುಲ್ಕವನ್ನೇ ಅಡಿಕೆಯ ಕೊಯಿಲಿನ ಹಣ ಬಂದ ಮೇಲೆ ಕಟ್ಟುವ ಮನೆಗಳ ಮಕ್ಕಳಿಗೆ ಸರಿಹೋಗದು.

ನನ್ನ ಅಭಿಪ್ರಾಯದಲ್ಲಿ ಯಲ್ಲಾಪುರ ಮತ್ತು ಶಿರಸಿಗಳ ಕಾಲೇಜುಗಳು ಧಾರವಾಡದ ಮಂಡಲದಲ್ಲಿಯೇ ಇರತಕ್ಕದ್ದು. ಹುಬ್ಬಳ್ಳಿಯ ಬಸ್ಸು ಯಲ್ಲಾಪುರದಿಂದ ಎರಡು ಗಂಟೆಯ ಹಾದಿ. ಬೆಳಿಗ್ಗೆ ಹೊರಟವನು ಪಂದ್ಯವನ್ನಾಡಿ ರಾತ್ರಿ ಮನೆಯಲ್ಲಿ ಉಣ್ಣಬಹುದು. ಸಿದ್ದಾಪುರದ ಸಂಗತಿ ಮಾತ್ರ ಬೇರೆ. ಸಾಗರವು ಅದಕ್ಕೆ ನೆರೆಯ ಊರು, 1987ರಲ್ಲಿ ಹುಟ್ಟಿದ ಶಿವಮೊಗ್ಗೆ ಸೀಮೆಯ ಕುವೆಂಪು ವಿಶ್ವವಿದ್ಯಾಲಯವು ಧಾರವಾಡಕ್ಕಿಂತ ಅದಕ್ಕೆ ದೂರವಲ್ಲ, ಮುಂಬಯಿ ಪ್ರಾಂತದ ಕಾಲದಲ್ಲಿಯೂ ಅಲ್ಲಿಯವರು ರೈಲಿಗಾಗಿ ಮೈಸೂರು ಸೀಮೆಯ ತಾಳಗುಪ್ಪಕ್ಕೇ ಹೋಗುತ್ತಿದ್ದರು. ಅವರು ಶಿವಮೊಗ್ಗೆಯ ಮಂಡಲವನ್ನು ಬಯಸುವುದಾದರೆ ಅದನ್ನು ಸಿದ್ದಾಪುರದ ಕಾಲೇಜಿನ ಆಟಗಾರರೂ ಅವರ ದೈಹಿಕ ಶಿಕ್ಷಣ ನಿರ್ದೇಶಕರೂ ಹೇಳಲಿ. 1862ರಿಂದ ಇಂದಿನವರೆಗೆ ಎಳೆದ ಗೆರೆಗಳಲ್ಲಿ ಒಂದನ್ನಾದರೂ ಆಡುವವರನ್ನು ಕೇಳಿ ಎಳೆದುದಿಲ್ಲ. ಮುಂದಿನದನ್ನಾದರೂ ಅವರನ್ನು ಕೇಳಿದ ಮೇಲೆ ಎಳೆಯಬೇಕು.